ಅಪಾರ್ಟ್‌ಮೆಂಟಿನ ದೊಡ್ಡ ರಿಪೇರಿಗೆ ಹಣ ಕೂಡಿಡುವುದು: ಬೆಳಗಾವಿಯ ಫ್ಲ್ಯಾಟ್ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ತಿಲಕವಾಡಿ, ಹಿಂದವಾಡಿ, ಶಹಾಪುರ, ಸದಾಶಿವನಗರಗಳಲ್ಲಿ ಇಪ್ಪತ್ತು ಮಳೆಗಾಲ ಕಂಡ ಅಪಾರ್ಟ್‌ಮೆಂಟುಗಳು ಈಗ ಸಾಕಷ್ಟಿವೆ. ಗೋಡೆ ಸೋರುತ್ತಿದೆ, ಲಿಫ್ಟ್ ವಾರಕ್ಕೊಮ್ಮೆ ನಿಲ್ಲುತ್ತಿದೆ, ಸಂಘದ ಖಾತೆಯಲ್ಲಿ ಮಾತ್ರ ಎರಡು ತಿಂಗಳ ವಾಚ್‌ಮನ್ ಸಂಬಳಕ್ಕಾಗುವಷ್ಟು ಹಣವಿದೆ. ತಿಲಕವಾಡಿಯ ಕಟ್ಟಡವೊಂದರ ಖಜಾಂಚಿಯಾಗಿ ಲೆಕ್ಕ ನೋಡಿಕೊಳ್ಳುವ ನನ್ನನ್ನು ಅಕ್ಕಪಕ್ಕದ ಕಟ್ಟಡಗಳವರು ಬಂದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಬರೆದಿದ್ದೇನೆ.

ಪ್ರತಿ ತಿಂಗಳು ಮೇಂಟೆನೆನ್ಸ್ ಕೊಡುತ್ತೇವೆ. ಮತ್ತೆ ಬೇರೆ ನಿಧಿ ಯಾಕೆ?

ನೀವು ಕೊಡುವ ಮೇಂಟೆನೆನ್ಸ್ ಆ ತಿಂಗಳಿಗೇ ಖರ್ಚಾಗುತ್ತದೆ. ವಾಚ್‌ಮನ್ ಸಂಬಳ, ಕಸ ಗುಡಿಸುವವರ ಸಂಬಳ, ಹೆಸ್ಕಾಂ ಬಿಲ್, ಲಿಫ್ಟಿನ ವಾರ್ಷಿಕ ಗುತ್ತಿಗೆ, ಟ್ಯಾಂಕ್ ತೊಳೆಸುವುದು, ಇಷ್ಟಕ್ಕೇ ಅದು ಸರಿಹೋಗುತ್ತದೆ. ತಾರಸಿಯ ವಾಟರ್‌ಪ್ರೂಫಿಂಗ್, ಹೊರಗೋಡೆಯ ಬಣ್ಣ, ಲಿಫ್ಟ್ ಬದಲಾವಣೆ, ನೀರಿನ ಮತ್ತು ಮಲಿನ ನೀರಿನ ಉದ್ದ ಪೈಪುಗಳು, ಪಿಲ್ಲರ್ ಮತ್ತು ತೊಲೆಗಳ ದುರಸ್ತಿ ಎಂಟು, ಹತ್ತು, ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಖರ್ಚುಗಳು. ಬರುವುದು ಅಪರೂಪವಾದರೂ ಬರುವುದು ಖಚಿತ. ಅದಕ್ಕಾಗಿ ಬೇರೆ ಖಾತೆಯಲ್ಲಿ ಇಡುವ ಹಣವನ್ನೇ ಎಲ್ಲರೂ ಸಿಂಕಿಂಗ್ ಫಂಡ್ ಅಥವಾ ದುರಸ್ತಿ ನಿಧಿ ಎನ್ನುತ್ತಾರೆ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ನ್ಯಾಯದ ಪ್ರಶ್ನೆ. ಇವತ್ತು ಲಿಫ್ಟ್ ಬಳಸುವವರು ಇವತ್ತಿನ ಸವಕಳಿಗೆ ಇವತ್ತೇ ಹಣ ಕೊಡಬೇಕು. ಹದಿನೆಂಟು ವರ್ಷ ಬಳಸಿ ಮಾರಿ ಹೋದವರು ಏನೂ ಕೊಡದೆ, ಹೋದ ವರ್ಷ ಸಾಲ ಮಾಡಿ ಮನೆ ಕೊಂಡ ಹುಡುಗ ಹುಡುಗಿ ಇಡೀ ಲಿಫ್ಟಿನ ಪಾಲು ಹೊರುವುದು ಸರಿಯಲ್ಲ.

ಬಿಲ್ಡರ್ ಮನೆ ಕೊಡುವಾಗ ಕಾರ್ಪಸ್ (ಸಂಘದ ಮೂಲ ನಿಧಿ) ಎಂದು ಹಣ ಪಡೆದಿದ್ದರು. ಅದು ಸಾಕಲ್ಲವೇ?

ಮೊದಲು ಆ ಹಣ ಸಂಘದ ಖಾತೆಗೆ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಒಳ್ಳೆಯ ಆರಂಭ, ಆದರೆ ಅದೊಂದೇ ಸಾಕಾಗುವುದಿಲ್ಲ. ಎಷ್ಟೋ ಕಡೆ ಕಾರ್ಪಸಿನ ಬಡ್ಡಿಯನ್ನು ಮೇಂಟೆನೆನ್ಸಿಗೆ ತುಂಬಿ, ತಿಂಗಳ ವಂತಿಗೆಯನ್ನು ಕಡಿಮೆ ತೋರಿಸುವ ರೂಢಿ ಇದೆ. ಸದಸ್ಯರಿಗೆ ಆಗ ಸಂತೋಷವಾಗುತ್ತದೆ, ಕಟ್ಟಡಕ್ಕೆ ಏನೂ ಉಳಿಯುವುದಿಲ್ಲ. ಬಡ್ಡಿ ನಿಧಿಯಲ್ಲೇ ಬೆಳೆಯಬೇಕು ಎಂದು ಸಭೆಯಲ್ಲಿ ಠರಾವು ಮಾಡಿ.

ಎಷ್ಟು ಕೂಡಿಡಬೇಕು? ಒಂದು ಲೆಕ್ಕ ಹೇಳಿ.

ಲೆಕ್ಕ ಕಷ್ಟದ್ದಲ್ಲ. ಕಟ್ಟಡದ ಪ್ರತಿಯೊಂದು ದೊಡ್ಡ ಭಾಗದ ಹೆಸರು ಬರೆಯಿರಿ, ಇವತ್ತು ಬದಲಾಯಿಸಿದರೆ ಎಷ್ಟಾಗುತ್ತದೆ ಎಂದು ಕೊಟೇಶನ್ ತರಿಸಿ, ಅದು ಎಷ್ಟು ವರ್ಷ ಬಾಳುತ್ತದೆಯೋ ಆ ಸಂಖ್ಯೆಯಿಂದ ಭಾಗಿಸಿ. ಇಪ್ಪತ್ತನಾಲ್ಕು ಮನೆಗಳ, ಒಂದು ಲಿಫ್ಟಿನ ಕಟ್ಟಡ ಎಂದುಕೊಳ್ಳೋಣ. ಕೆಳಗಿನ ಮೊತ್ತಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮ್ಮ ಕಟ್ಟಡಕ್ಕೆ ನಿಮ್ಮದೇ ಕೊಟೇಶನ್ ಬೇಕು.

ಹೊರಗೋಡೆಯ ಬಣ್ಣ ಮತ್ತು ಬಿರುಕು ತುಂಬುವುದು: ₹9 ಲಕ್ಷ, 6 ವರ್ಷ, ವರ್ಷಕ್ಕೆ ₹1,50,000
ತಾರಸಿ ವಾಟರ್‌ಪ್ರೂಫಿಂಗ್: ₹6 ಲಕ್ಷ, 8 ವರ್ಷ, ವರ್ಷಕ್ಕೆ ₹75,000
ಲಿಫ್ಟ್: ₹16 ಲಕ್ಷ, 20 ವರ್ಷ, ವರ್ಷಕ್ಕೆ ₹80,000
ಪಿಲ್ಲರ್, ತೊಲೆ, ಗಿಲಾವು ದುರಸ್ತಿ: ₹6 ಲಕ್ಷ, 10 ವರ್ಷ, ವರ್ಷಕ್ಕೆ ₹60,000
ನೀರು ಮತ್ತು ಡ್ರೈನೇಜ್ ಪೈಪುಗಳು: ₹10 ಲಕ್ಷ, 25 ವರ್ಷ, ವರ್ಷಕ್ಕೆ ₹40,000
ಮುಖ್ಯ ವಿದ್ಯುತ್ ಪ್ಯಾನೆಲ್, ಕೇಬಲ್: ₹5 ಲಕ್ಷ, 25 ವರ್ಷ, ವರ್ಷಕ್ಕೆ ₹20,000
ಪಂಪ್‌ಗಳು: ₹1.2 ಲಕ್ಷ, 8 ವರ್ಷ, ವರ್ಷಕ್ಕೆ ₹15,000

ಒಟ್ಟು ವರ್ಷಕ್ಕೆ ₹4,40,000. ಕಟ್ಟಡದ ಎಲ್ಲ ಮನೆಗಳ ಒಟ್ಟು ವಿಸ್ತೀರ್ಣ 26,400 ಚದರಡಿ ಇದ್ದರೆ ಚದರಡಿಗೆ ತಿಂಗಳಿಗೆ ₹1.39 ಬರುತ್ತದೆ. 950 ಚದರಡಿಯ ಮನೆಗೆ ₹1,319, 1,350 ಚದರಡಿಯ ಮನೆಗೆ ₹1,875. ಈ ಸಂಖ್ಯೆ ಕೇಳಿದ ಕೂಡಲೇ ಸಭೆಯಲ್ಲಿ ಗದ್ದಲವಾಗುತ್ತದೆ ಎಂದು ಗೊತ್ತಿದೆ. ಆದರೆ ಈ ಹಣ ಕೇಳುತ್ತಿರುವುದು ಸಂಘವಲ್ಲ, ಕಟ್ಟಡ. ತಿಂಗಳಿಗೆ ಇಷ್ಟಿಷ್ಟು ಕೊಡದಿದ್ದರೆ ಅದು ಒಂದು ದಿನ ಒಟ್ಟಾಗಿ ಕೇಳುತ್ತದೆ, ಅದೂ ಜುಲೈ ಮಳೆಯ ನಡುವೆ.

ಬೆಲೆ ಏರಿಕೆ ಮರೆಯಬೇಡಿ. ವರ್ಷಕ್ಕೆ ಶೇ. 6ರಂತೆ ಏರಿದರೂ ಇವತ್ತಿನ ₹16 ಲಕ್ಷದ ಲಿಫ್ಟ್ ಆರು ವರ್ಷದಲ್ಲಿ ₹22 ಲಕ್ಷ ದಾಟುತ್ತದೆ. ಆದ್ದರಿಂದ ಪ್ರತಿ ವರ್ಷ ವಂತಿಗೆಯನ್ನು ಅದೇ ಪ್ರಮಾಣದಲ್ಲಿ ಏರಿಸಿ, ಮೂರು ವರ್ಷಕ್ಕೊಮ್ಮೆ ಹೊಸ ಕೊಟೇಶನ್ ತರಿಸಿ ಪಟ್ಟಿಯನ್ನೇ ಮತ್ತೆ ಬರೆಯಿರಿ.

ಪುಣೆಯಲ್ಲಿರುವ ನನ್ನ ಅಣ್ಣ ಅವರ ಸೊಸೈಟಿಯಲ್ಲಿ ಇದಕ್ಕೆ ನಿಯಮವೇ ಇದೆ ಎನ್ನುತ್ತಾನೆ. ನಮಗೂ ಅದು ಅನ್ವಯಿಸುತ್ತದೆಯೇ?

ನಿಮ್ಮ ಅಣ್ಣ ಹೇಳಿದ್ದು ನಿಜ. ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25 ಸಿಂಕಿಂಗ್ ಫಂಡಿಗೆ, ಶೇ. 0.75 ದುರಸ್ತಿ ನಿಧಿಗೆ ಹೋಗಬೇಕು. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಎಂಜಿನಿಯರಿಂದ ಕಟ್ಟಡದ ಬಲದ ತಪಾಸಣೆ, ಮಾಡಿಸಬೇಕು. ಆ ಉಪವಿಧಿಗಳು ಗಡಿಯ ಈಚೆ ನಮ್ಮನ್ನು ಕಟ್ಟಿಹಾಕುವುದಿಲ್ಲ. ನಮ್ಮದು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಮತ್ತು ಅದರಡಿ ನೋಂದಾಯಿಸಿದ ನಿಮ್ಮ ಕಟ್ಟಡದ ಘೋಷಣಾ ಪತ್ರ (ಡೀಡ್ ಆಫ್ ಡಿಕ್ಲರೇಶನ್) ಹಾಗೂ ಬೈಲಾ (ಉಪವಿಧಿ). ಆದರೂ ಒಳ್ಳೆಯ ಅಳತೆ ಎಲ್ಲಿ ಸಿಕ್ಕರೂ ತೆಗೆದುಕೊಳ್ಳಬಹುದು. ಆಡಿಟಿನ ಆ ವೇಳಾಪಟ್ಟಿಯನ್ನು ನಿಮ್ಮ ಬೈಲಾಕ್ಕೆ ಸೇರಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ವಂತಿಗೆ ಮನೆಗೆ ಸಮಾನವೇ, ಚದರಡಿಯ ಲೆಕ್ಕವೇ?

1972ರ ಕಾಯ್ದೆಯ ಪ್ರಕಾರ ಸಾಮಾನ್ಯ ಖರ್ಚು ಹಂಚಿಕೆಯಾಗುವುದು ಸಾಮಾನ್ಯ ಭಾಗಗಳಲ್ಲಿ ಪ್ರತಿ ಮನೆಗಿರುವ ಅವಿಭಜಿತ ಪಾಲಿನ ಶೇಕಡಾವಾರು ಪ್ರಕಾರ. ಆ ಶೇಕಡಾವಾರು ಘೋಷಣಾ ಪತ್ರದಲ್ಲಿ ಬರೆದಿರುತ್ತದೆ. ಹೆಚ್ಚಿನ ಕಡೆ ಅದು ಚದರಡಿಯ ಲೆಕ್ಕಕ್ಕೆ ಹತ್ತಿರವಿರುತ್ತದೆ. ಸಭೆಯಲ್ಲಿ ಕೈ ಎತ್ತಿಸಿ ಬೇರೆ ಲೆಕ್ಕ ಹಾಕುವ ಮೊದಲು ಆ ಪತ್ರವನ್ನು ಓದಿ.

ನಾನು ಕೆಳಮಹಡಿಯಲ್ಲಿದ್ದೇನೆ. ಲಿಫ್ಟ್ ಬಳಸುವುದಿಲ್ಲ, ತಾರಸಿಗೆ ಹೋಗುವುದಿಲ್ಲ. ನಾನೂ ಕೊಡಬೇಕೇ?

ಕೊಡಬೇಕು. ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂಬ ಕಾರಣಕ್ಕೆ ಯಾವ ಮಾಲೀಕರೂ ತಮ್ಮ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಇದರ ಇನ್ನೊಂದು ಮುಖವೂ ಇದೆ. ತಾರಸಿ ಎಲ್ಲರದೂ ಆದ್ದರಿಂದ ಮೇಲ್ಮಹಡಿಯವರ ಛಾವಣಿ ಸೋರಿದರೆ ಅವರೇ ರಿಪೇರಿ ಮಾಡಿಸಿಕೊಳ್ಳಲಿ ಎನ್ನುವಂತಿಲ್ಲ. ಹಾಗೆಯೇ ಮಾರಾಟವಾಗದೆ ಬಿಲ್ಡರ್ ಬಳಿ ಉಳಿದ ಫ್ಲ್ಯಾಟುಗಳ ವಂತಿಗೆಯನ್ನು ಬಿಲ್ಡರ್ ಕಡೆಯಿಂದಲೇ ಕೇಳಿ ಪಡೆಯಬೇಕು. ಸಂಕೋಚ ಬೇಡ.

ಒಂದು ಮನೆಯ ಬಚ್ಚಲಿನಿಂದ ಕೆಳಗಿನ ಮನೆಗೆ ನೀರು ಇಳಿಯುವುದು ಬೇರೆ ವಿಷಯ. ಮನೆಯೊಳಗಿನ ಪೈಪು, ಟೈಲ್ಸ್ ಆ ಮನೆಯವರ ಹೊಣೆ, ಅದಕ್ಕೆ ನಿಧಿಯನ್ನು ಮುಟ್ಟಬೇಡಿ.

ಬಾಡಿಗೆದಾರರು ಕೊಡಬೇಕೇ, ಮಾಲೀಕರೇ?

ತಿಂಗಳ ಮೇಂಟೆನೆನ್ಸನ್ನು ಬಾಡಿಗೆದಾರರು ಕೊಡುವುದು ಅವರವರ ಕರಾರಿಗೆ ಬಿಟ್ಟದ್ದು. ದುರಸ್ತಿ ನಿಧಿ ಮಾಲೀಕರದ್ದೇ.

ಕೆಲವರು ಎಷ್ಟು ಹೇಳಿದರೂ ಬಾಕಿ ಕಟ್ಟುವುದಿಲ್ಲ. ಏನು ಮಾಡುವುದು?

ಕಾಯ್ದೆ ಸಂಘದ ಪರವಾಗಿದೆ. ಬಾಕಿ ಉಳಿದ ಸಾಮಾನ್ಯ ಖರ್ಚು ಆ ಫ್ಲ್ಯಾಟಿನ ಮೇಲಿನ ಋಣಭಾರವಾಗುತ್ತದೆ. ಮನೆ ಮಾರಿದರೆ ಹಳೆಯ ಬಾಕಿಗೆ ಮಾರಿದವರ ಜೊತೆ ಕೊಂಡವರೂ ಹೊಣೆಗಾರರು. ಆದ್ದರಿಂದ ಹಳೆಯ ಫ್ಲ್ಯಾಟ್ ಕೊಳ್ಳುವವರಿಗೆ ನನ್ನ ಕಳಕಳಿಯ ಮಾತು: ಖರೀದಿ ಪತ್ರಕ್ಕೆ ಸಹಿ ಹಾಕುವ ಮೊದಲು ಬಾಕಿ ಎಷ್ಟು ಎಂದು ಸಂಘದಿಂದ ಬರವಣಿಗೆಯಲ್ಲಿ ಪಡೆಯಿರಿ. ಜೊತೆಗೆ ದುರಸ್ತಿ ನಿಧಿಯಲ್ಲಿ ಎಷ್ಟಿದೆ ಎಂದೂ ಕೇಳಿ. ಖಾಲಿ ನಿಧಿಯ ಕಟ್ಟಡದಲ್ಲಿ ಮನೆ ಅಗ್ಗವಾಗಿ ಸಿಕ್ಕರೆ ಅದು ಅಗ್ಗವಲ್ಲ.

ನೋಟಿಸ್ ಕಳುಹಿಸುವ ಮೊದಲು ಒಮ್ಮೆ ಮನೆಗೆ ಹೋಗಿ ಕುಳಿತು ಮಾತಾಡಿ. ಪಿಂಚಣಿಯ ಮೇಲೆ ಬದುಕುವ ಅಜ್ಜ ಅಜ್ಜಿಯರಿಗೆ ಒಮ್ಮೆಗೇ ₹80,000 ತರಲು ಎಲ್ಲಿಂದ ಸಾಧ್ಯ? ಅವರಿಗೆ ಕಂತು ಮಾಡಿಕೊಡಿ, ಅದನ್ನು ಸಭೆಯ ನಡಾವಳಿಯಲ್ಲಿ ಬರೆಯಿರಿ. ಅನುಕೂಲವಿದ್ದೂ ಹಟ ಮಾಡುವವರಿಗೆ ಮಾತ್ರ ವಕೀಲರ ದಾರಿ.

ನಮ್ಮದು ಹದಿನಾಲ್ಕು ವರ್ಷದ ಕಟ್ಟಡ, ನಿಧಿ ಸೊನ್ನೆ. ಈಗ ಶುರು ಮಾಡಿ ಪ್ರಯೋಜನವಿದೆಯೇ?

ಇದೆ. ಆದರೆ ಭಾಗಿಸುವುದು ಒಟ್ಟು ಆಯುಷ್ಯದಿಂದಲ್ಲ, ಉಳಿದ ವರ್ಷಗಳಿಂದ. ಮೇಲಿನ ಉದಾಹರಣೆಯ ಲಿಫ್ಟಿಗೆ ಮೊದಲ ದಿನದಿಂದ ಕೂಡಿಟ್ಟಿದ್ದರೆ ಮನೆಗೆ ಸರಾಸರಿ ತಿಂಗಳಿಗೆ ₹278 ಆಗುತ್ತಿತ್ತು. ಆರೇ ವರ್ಷ ಉಳಿದಿರುವಾಗ ಅದೇ ಲೆಕ್ಕ ₹926. ಇಷ್ಟು ಹೊರೆ ಎನಿಸಿದರೆ ಎರಡು ಭಾಗ ಮಾಡಿ: ತುರ್ತಾದ ಒಂದೋ ಎರಡೋ ಕೆಲಸಕ್ಕೆ ಹದಿನೆಂಟು ತಿಂಗಳ ಕಂತಿನ ವಿಶೇಷ ವಂತಿಗೆ, ಉಳಿದದ್ದಕ್ಕೆ ಮಾಮೂಲು ನಿಧಿ. ಎಲ್ಲವನ್ನೂ ಒಂದೇ ವರ್ಷದಲ್ಲಿ ಸರಿಪಡಿಸಲು ಹೊರಟರೆ ಸಂಘ ಒಡೆಯುತ್ತದೆ.

ಯಾವುದು ಮೊದಲು? ನೀರು ಒಳಗೆ ಬರುವ ದಾರಿಗಳನ್ನು ಮುಚ್ಚುವುದು ಮೊದಲು. ಸೋರುವ ತಾರಸಿಯನ್ನು ಬಿಟ್ಟು ಹೊರಗೋಡೆಗೆ ಬಣ್ಣ ಹಚ್ಚಿಸಿದರೆ ಆ ಬಣ್ಣ ಎರಡೇ ಮಳೆಗಾಲದಲ್ಲಿ ಉಬ್ಬಿ ಬರುತ್ತದೆ.

ಪಿಲ್ಲರಿನ ಗಿಲಾವು ಉದುರಿ ಕಬ್ಬಿಣ ಕಾಣುತ್ತಿದೆ. ಗೌಂಡಿಯನ್ನು ಕರೆಸಿ ಸಿಮೆಂಟ್ ಮೆತ್ತಿಸಿದರೆ ಸಾಲದೇ?

ಸಾಲದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲೇ, ಅಪಾಯ ಇರುವುದೂ ಇಲ್ಲೇ.

ಹೊಸ ಕಾಂಕ್ರೀಟು ಕ್ಷಾರಗುಣದ್ದು, ಅದರೊಳಗಿನ ಸರಳಿಗೆ ಅದೇ ರಕ್ಷಣೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ನಿಧಾನವಾಗಿ ಒಳಗೆ ಇಳಿಯುತ್ತಾ ಆ ಗುಣವನ್ನು ಕಳೆಯುತ್ತದೆ. ಅದು ಸರಳಿನ ಮಟ್ಟ ಮುಟ್ಟಿ, ಜೊತೆಗೆ ನೀರೂ ಸಿಕ್ಕರೆ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಸರಳಿನ ಉದ್ದಕ್ಕೂ ನೇರವಾದ ಬಿರುಕು, ಕಂದು ಕಲೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು, ಇವು ಅದರ ಗುರುತುಗಳು. ನಮ್ಮ ಪಾರ್ಕಿಂಗಿನ ಒಂದು ಪಿಲ್ಲರನ್ನು ಎಂಜಿನಿಯರ್ ಸ್ವಲ್ಪ ಒಡೆದು, ತಾಜಾ ಮೈಗೆ ಫಿನಾಲ್ಫ್ತಲೀನ್ ಎಂಬ, ಕ್ಷಾರಗುಣ ಉಳಿದಲ್ಲಿ ಮಾತ್ರ ಗುಲಾಬಿಯಾಗುವ ದ್ರಾವಣ ಸಿಂಪಡಿಸಿದರು. ಒಳಭಾಗ ಗಾಢ ಗುಲಾಬಿಯಾಯಿತು. ಹೊರಗಿನ ಎರಡು ಬೆರಳಗಲದಷ್ಟು ಬಣ್ಣವೇ ಬರಲಿಲ್ಲ, ಸರಳು ಇದ್ದದ್ದು ಆ ಬಣ್ಣ ಬಾರದ ಭಾಗದಲ್ಲೇ. ಅಲ್ಲಿಯವರೆಗೆ ಖರ್ಚು ಬೇಡ ಎನ್ನುತ್ತಿದ್ದ ಸದಸ್ಯರು ಅದನ್ನು ಕಣ್ಣಾರೆ ಕಂಡು ಅಂದೇ ಒಪ್ಪಿದರು.

ತುಕ್ಕಿನ ಮೇಲೆ ಸಿಮೆಂಟ್ ಮೆತ್ತಿದರೆ ತುಕ್ಕು ಒಳಗೆ ಮುಂದುವರಿಯುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ತೊಲೆಗೆ ಆಧಾರ ಕೊಡುವುದು, ಸಡಿಲ ಕಾಂಕ್ರೀಟನ್ನು ಸರಳಿನ ಹಿಂಭಾಗದವರೆಗೂ ತೆಗೆಯುವುದು, ಸರಳನ್ನು ಹೊಳೆಯುವಂತೆ ಉಜ್ಜಿ ತುಕ್ಕು ನಿರೋಧಕ ಹಚ್ಚುವುದು, ತೀರಾ ಸವೆದಿದ್ದರೆ ಹೊಸ ಸರಳು ಸೇರಿಸುವುದು, ಆಮೇಲೆ ಪಾಲಿಮರ್ ಗಾರೆಯಿಂದ ತುಂಬುವುದು. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟ ವಿವರದಂತೆಯೇ ಮಾಡಿಸಿ. ಕಾಂಕ್ರೀಟನ್ನು ಒಡೆಯದೆಯೇ ಅದರ ಗಟ್ಟಿತನ ನೋಡುವ ರೀಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆಗಳನ್ನು ಮಾಡುವವರು ದೂರದಲ್ಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ವಿಚಾರಿಸಿ. ರಿಪೇರಿ ಮಾಡುವ ಗುತ್ತಿಗೆದಾರರಿಂದಲೇ ಆಡಿಟ್ ಮಾಡಿಸಬೇಡಿ.

ಹೊಸ ಕಟ್ಟಡದಲ್ಲೇ ಬಿರುಕು, ಸೋರಿಕೆ. ಇದಕ್ಕೂ ನಮ್ಮ ನಿಧಿಯೇ?

ಅಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ ಪ್ರಕಾರ ಮನೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷ ಅಥವಾ ಕೆಲಸದ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ ಮೂವತ್ತು ದಿನದೊಳಗೆ ಹಣ ಪಡೆಯದೆ ಸರಿಪಡಿಸಬೇಕು. ಸಂಘ ಮಾಡಬೇಕಾದದ್ದು ಒಂದೇ: ನಾಲ್ಕನೆಯ ಮಳೆಗಾಲ ಮುಗಿದ ಕೂಡಲೇ ಎಂಜಿನಿಯರ್ ಕರೆಸಿ ಇಡೀ ಕಟ್ಟಡ ನೋಡಿಸಿ, ಫೋಟೋ ಸಮೇತ ಪಟ್ಟಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುವುದು. ಐದು ವರ್ಷ ಕಳೆದ ಮೇಲೆ ಫೋನಿನಲ್ಲಿ ಹೇಳಿದ್ದೆವು ಎಂದರೆ ಯಾರೂ ಕೇಳುವುದಿಲ್ಲ.

ಹಣವನ್ನು ಎಲ್ಲಿ ಇಡಬೇಕು?

ಸಂಘದ ಹೆಸರಿನಲ್ಲಿ, ಕನಿಷ್ಠ ಇಬ್ಬರ ಸಹಿಯಿರುವ ಪ್ರತ್ಯೇಕ ಖಾತೆಯಲ್ಲಿ. ದಿನದ ಖರ್ಚಿನ ಖಾತೆಯೊಂದಿಗೆ ಬೆರೆಸಲೇಬಾರದು. ಕೆಲಸಗಳ ವರ್ಷಕ್ಕೆ ಹೊಂದುವಂತೆ ಠೇವಣಿಗಳನ್ನು ಒಂದು, ಎರಡು, ಮೂರು ವರ್ಷಕ್ಕೆ ಹಂಚಿ ಇಟ್ಟರೆ ಅವಧಿಗೆ ಮೊದಲೇ ಮುರಿಯುವ ಪ್ರಸಂಗ ಬರುವುದಿಲ್ಲ.

ನಮ್ಮ ಭಾಗದಲ್ಲಿ ಪತ್ತಿನ ಸಹಕಾರಿ ಸಂಘಗಳು ಓಣಿಗೊಂದರಂತೆ ಇವೆ, ಬಡ್ಡಿಯೂ ಸ್ವಲ್ಪ ಹೆಚ್ಚು ಕೊಡುತ್ತವೆ. ನಿಮ್ಮ ಸಮಿತಿಯಲ್ಲೇ ಯಾರೋ ಒಬ್ಬರು ಅದರ ನಿರ್ದೇಶಕರಿರಬಹುದು. ಆದರೂ ಒಂದು ಸಂಗತಿ ತಿಳಿದಿರಲಿ: ಬ್ಯಾಂಕ್ ಠೇವಣಿಗೆ ಸಿಗುವ ವಿಮೆ ಪತ್ತಿನ ಸಂಘಗಳ ಠೇವಣಿಗೆ ಇಲ್ಲ. ಬ್ಯಾಂಕುಗಳಲ್ಲೂ, ಅರ್ಬನ್ ಸಹಕಾರಿ ಬ್ಯಾಂಕುಗಳನ್ನೂ ಸೇರಿಸಿ, ಆ ವಿಮೆಯ ಮಿತಿ ಅಸಲು ಬಡ್ಡಿ ಸೇರಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ₹5 ಲಕ್ಷ. 2020ರ ಫೆಬ್ರವರಿಯವರೆಗೆ ಅದು ₹1 ಲಕ್ಷವೇ ಇತ್ತು. ಇಪ್ಪತ್ತನಾಲ್ಕು ಕುಟುಂಬಗಳ ಹಣದ ವಿಷಯದಲ್ಲಿ ಅರ್ಧ ಶೇಕಡಾ ಬಡ್ಡಿಯ ಆಸೆ ಬೇಡ.

ತೆರಿಗೆ ಕಟ್ಟಬೇಕೇ?

ಸದಸ್ಯರ ವಂತಿಗೆ ಬೇರೆ, ಬ್ಯಾಂಕಿನ ಬಡ್ಡಿ ಬೇರೆ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪಿನ ಮೇರೆಗೆ ಬ್ಯಾಂಕ್ ಠೇವಣಿಯ ಬಡ್ಡಿಗೆ ಆದಾಯ ತೆರಿಗೆ ಇದೆ. ಸಂಘಕ್ಕೆ ಪ್ಯಾನ್ ಮಾಡಿಸಿ, ರಿಟರ್ನ್ ಸಲ್ಲಿಸಿ. ಜಿಎಸ್‌ಟಿ ಬರುವುದು ಸದಸ್ಯರ ತಿಂಗಳ ವಂತಿಗೆ ₹7,500 ದಾಟಿ, ಸಂಘದ ವಾರ್ಷಿಕ ವಹಿವಾಟೂ ₹20 ಲಕ್ಷ ದಾಟಿದಾಗ. ಸಣ್ಣ ಸಣ್ಣ ತಿಂಗಳ ವಂತಿಗೆಯಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಒಮ್ಮೆಗೇ ದೊಡ್ಡ ಮೊತ್ತ ಎತ್ತುವುದಾದರೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಕೆಲಸ ಯಾವ ತಿಂಗಳಲ್ಲಿ ಮಾಡಿಸಬೇಕು?

ಸಹ್ಯಾದ್ರಿಯ ಮಗ್ಗುಲಲ್ಲಿರುವ ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ಅಸಾಧ್ಯ. ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಕಟ್ಟಡ ಸುತ್ತಿ, ಎಲ್ಲೆಲ್ಲಿ ನೀರು ಇಳಿಯುತ್ತದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪಶ್ಚಿಮ ಮತ್ತು ನೈಋತ್ಯದ ಗೋಡೆಗಳನ್ನು ಮೊದಲು ನೋಡಿ, ಮಳೆ ಬಡಿಯುವುದು ಅಲ್ಲಿಗೇ. ಗಣೇಶೋತ್ಸವ ಮುಗಿದ ಮೇಲೆ ಕೊಟೇಶನ್, ದಸರಾ ದೀಪಾವಳಿಯ ಹೊತ್ತಿಗೆ ಠರಾವು, ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯನ್ನು ನಂಬಬೇಡಿ. ತಾರಸಿಯ ಕೆಲಸವಾದ ಮೇಲೆ ಸುತ್ತ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸದೆ ಹಣ ಬಿಡುಗಡೆ ಮಾಡಬೇಡಿ. ಶೇ. 10ರಷ್ಟನ್ನು ಮುಂದಿನ ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವ ಷರತ್ತು ಕರಾರಿನಲ್ಲೇ ಇರಲಿ.

ನಾವು ವಿಜಯಪುರದವರು. ಇಷ್ಟು ಮಳೆಯಿಲ್ಲ. ಇದೇ ಪಟ್ಟಿ ನಡೆಯುತ್ತದೆಯೇ?

ಪಟ್ಟಿ ಅದೇ, ಕ್ರಮ ಬೇರೆ. ವಿಜಯಪುರ, ಬಾಗಲಕೋಟೆಗಳಲ್ಲಿ ಬಿಸಿಲಿಗೆ ಹಿಗ್ಗಿ ಕುಗ್ಗಿ ತಾರಸಿ ಬಿರಿಯುವುದು, ಬೋರ್‌ವೆಲ್‌ನ ಗಡಸು ನೀರಿನಿಂದ ಪೈಪಿನೊಳಗೆ ಸುಣ್ಣ ಕಟ್ಟುವುದು, ಎರೆಮಣ್ಣು ಉಬ್ಬಿ ಕುಗ್ಗಿ ಪಾರ್ಕಿಂಗಿನ ನೆಲ ಮತ್ತು ಕಾಂಪೌಂಡ್ ಗೋಡೆ ಸೀಳುವುದು ದೊಡ್ಡ ಸಮಸ್ಯೆಗಳು. ಪೈಪುಗಳ ಆಯುಷ್ಯವನ್ನು ಕಡಿಮೆ ಹಿಡಿಯಿರಿ, ಬಣ್ಣದ್ದನ್ನು ಒಂದೆರಡು ವರ್ಷ ಹೆಚ್ಚಿಸಬಹುದು.

ಸಭೆಯಲ್ಲಿ ಒಪ್ಪಿಗೆ ಸಿಗುವುದೇ ಇಲ್ಲವಲ್ಲ?

ಭಾಷಣದಿಂದ ಯಾರೂ ಒಪ್ಪುವುದಿಲ್ಲ. ಸಭೆಗೆ ಮೊದಲು ಎಲ್ಲರನ್ನೂ ತಾರಸಿಗೆ, ಪಂಪ್ ಕೋಣೆಗೆ, ಪಾರ್ಕಿಂಗಿಗೆ ಕರೆದೊಯ್ಯಿರಿ. ಸೂಚನಾಪತ್ರವನ್ನು ಕನ್ನಡ ಮತ್ತು ಮರಾಠಿ ಎರಡರಲ್ಲೂ ಹಚ್ಚಿ; ಹಣದ ವಿಷಯ ಪ್ರತಿಯೊಬ್ಬರಿಗೂ ತಮ್ಮ ಮನೆಮಾತಿನಲ್ಲಿ ತಿಳಿಯಬೇಕು. ನಿಧಿಯಲ್ಲಿ ಎಷ್ಟು ಹಣವಿದೆ, ಠೇವಣಿ ಎಲ್ಲಿದೆ ಎಂಬುದನ್ನು ಪ್ರತಿ ತಿಂಗಳು ಲಿಫ್ಟಿನ ಬಳಿ ಅಂಟಿಸಿ. ಜನ ಹಣ ಕೊಡಲು ಹಿಂಜರಿಯುವುದು ಜಿಪುಣತನದಿಂದಲ್ಲ, ಹಿಂದೆ ಕೊಟ್ಟದ್ದು ಏನಾಯಿತೆಂದು ಗೊತ್ತಾಗದೆ.

ಸಮಿತಿ ಬದಲಾದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಏನು ಮಾಡಬಹುದು?

ಒಂದು ಕಬ್ಬಿಣದ ಕಪಾಟು, ಅದರಲ್ಲಿ ಕಟ್ಟಡದ ಕಡತ. ಘೋಷಣಾ ಪತ್ರ, ಬೈಲಾ, ಮಂಜೂರಾದ ನಕಾಶೆ, ರಚನೆಯ ಡ್ರಾಯಿಂಗ್, ಲಿಫ್ಟ್ ಪರವಾನಗಿ, ಗ್ಯಾರಂಟಿ ಪತ್ರಗಳು, ಆಡಿಟ್ ವರದಿ, ಮುಂದಿನ ಇಪ್ಪತ್ತು ವರ್ಷದ ಕೆಲಸಗಳ ಪಟ್ಟಿ, ಠೇವಣಿ ರಸೀದಿಗಳು ಅದರಲ್ಲಿರಲಿ. ನಕಾಶೆ, ಡ್ರಾಯಿಂಗ್ ಇಲ್ಲದಿದ್ದರೆ ಬಿಲ್ಡರಿಗೆ ಈ ವಾರವೇ ಪತ್ರ ಬರೆಯಿರಿ, ಯಾಕೆಂದರೆ ಅವರ ಕಚೇರಿ ಮುಚ್ಚಿದ ಮೇಲೆ ಸರಳು ಎಲ್ಲಿದೆ ಎಂದು ತಿಳಿಯಲು ಗೋಡೆಯನ್ನೇ ಒಡೆಯಬೇಕಾಗುತ್ತದೆ. ಹಳೆಯ ಖಜಾಂಚಿಯಿಂದ ಹೊಸಬರು ಕಡತ ಪಡೆಯುವಾಗ ಪ್ರತಿ ಕಾಗದವನ್ನೂ ಎಣಿಸಿ, ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಲಿ.